ಬೆಂಕಿ ಕೆಲಸಕ್ಕೆ ಬೂದಿ ಬಣ್ಣದ ಪ್ಯಾಂಟು

ಯಾವುದೇ ಕೋಣೆಯ ಬಾಗಿಲು ದಾಟುವ ಮುನ್ನ ನನ್ನ ಎಡಗೈ ತಾನಾಗಿಯೇ ಸೊಂಟಕ್ಕೆ ಹೋಗಿ ಪ್ಯಾಂಟನ್ನು ಒಮ್ಮೆ ಮೇಲಕ್ಕೆ ಎಳೆಯುತ್ತದೆ. ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಮದುವೆ ಛತ್ರವಾಗಲಿ, ಇದು ತಪ್ಪುವುದಿಲ್ಲ. ಬೆಲ್ಟು ಬಿಗಿಯಾಗಿದ್ದರೂ ಎಳೆಯುತ್ತೇನೆ. ಪಂಚೆ ಉಟ್ಟ ದಿನ ಎಳೆಯಲು ಏನೂ ಸಿಗದೆ ಕೈ ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತು ವಾಪಸು ಬರುತ್ತದೆ. ನಾನಿಲ್ಲದಾಗ ನಮ್ಮ ಸುದ್ದಿಮನೆಯ ಕಿರಿಯ ಉಪಸಂಪಾದಕರು ಇದನ್ನು ಅಭಿನಯಿಸಿ ತೋರಿಸುತ್ತಿದ್ದರು. ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಚೆನ್ನಾಗಿಯೇ ಮಾಡುತ್ತಿದ್ದರು.

"ಯಾರೋ ಕಿತ್ಕೊಂಡು ಓಡ್ತಾರೆ ಅನ್ನೋ ಹಾಗೆ ಹಿಡ್ಕೋತೀರಲ್ಲ, ಏನ್ರೀ ಅದು?" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು.

"ಒಂದ್ಸಲ ಹೆಚ್ಚುಕಮ್ಮಿ ಹಾಗೇ ಆಗಿತ್ತು" ಎಂದೆ. ಅವಳು ನಂಬಲಿಲ್ಲ. ಹೇಳಲು ಕೂತರೆ ನನಗೂ ಅದು ಪೂರ್ತಿ ನಂಬುವಂತೆ ಕಾಣುವುದಿಲ್ಲ.

ಸುದ್ದಿ ಬರೆಯುವವನು ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳಿಕೊಳ್ಳಬೇಕು ಎಂದು ನಾನು ಎಷ್ಟೋ ಜನ ಹುಡುಗರಿಗೆ ಪಾಠ ಹೇಳಿದ್ದೇನೆ. ಈ ವಿಷಯದಲ್ಲಿ ಮೊದಲ ನಾಲ್ಕಕ್ಕೆ ನನ್ನ ಹತ್ತಿರ ಉತ್ತರ ಇದೆ. ಐದನೆಯದಕ್ಕೆ ಬಂದಾಗ ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುವುದೇ ಕ್ಷೇಮ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ನಮ್ಮ ಮನೆ ಯಶವಂತಪುರದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಬೆಳಗಿನ ಗಾಡಿಯ ಸಿಳ್ಳು ಕೇಳಿಸಿದರೆ ಅಮ್ಮ ಅಕ್ಕಿ ತೊಳೆಯಲು ಏಳುತ್ತಿದ್ದಳು. ಗಾಡಿ ತಡವಾದ ದಿನ ನಮ್ಮ ಊಟವೂ ತಡ. ನಾನು ಬಿ.ಎ. ಮುಗಿಸಿ, ಟೈಪಿಂಗ್ ಕಲಿತು, ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಅಪ್ಪನ ಮಾತು. ನಾನು ಬಹಳ ಓಡಾಡುತ್ತಿದ್ದೆ, ಆದರೆ ಸಂಬಳವಿಲ್ಲದ ಓಡಾಟವನ್ನು ನಮ್ಮ ಬೀದಿಯಲ್ಲಿ ಕೂರುವುದು ಎಂದೇ ಕರೆಯುತ್ತಿದ್ದರು. ಅಪ್ಪ ಒಂದು ಕಚೇರಿಯಲ್ಲಿ ಗುಮಾಸ್ತರು. "ಮಗ ಏನ್ ಮಾಡ್ತಿದಾನೆ?" ಎಂದು ಯಾರಾದರೂ ಕೇಳಬಹುದಾದ ಕಟಿಂಗ್ ಶಾಪಿನ ರಸ್ತೆ ಬಿಟ್ಟು, ಚರಂಡಿ ಪಕ್ಕದ ಸುತ್ತುದಾರಿಯಲ್ಲಿ ಬಸ್ ಸ್ಟಾಪಿಗೆ ಹೋಗಲು ಶುರುಮಾಡಿದ್ದರು. ಅವರು ಬಾಯಿಬಿಟ್ಟು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಆಗ ಅಗ್ನಿಶಾಮಕ ದಳದಿಂದ ಕಾರ್ಡು ಬಂತು. ದೈಹಿಕ ಪರೀಕ್ಷೆ ಮತ್ತು ಸಂದರ್ಶನಕ್ಕೆ ಹೆಬ್ಬಾಳದ ಕಡೆಯ ಒಂದು ಮೈದಾನಕ್ಕೆ ಬರಬೇಕು. ನನ್ನ ವಯಸ್ಸಿಗೆ ಅದು ಕೊನೆಯ ಅವಕಾಶ. ಮುಂದಿನ ಸಲ ಕರೆಯುವ ಹೊತ್ತಿಗೆ ಮಿತಿ ದಾಟಿರುತ್ತದೆ. ಇನ್ನು ಬೇರೆ ಇಲಾಖೆಗಳ ಅರ್ಜಿಗಳೆಲ್ಲ ಎಲ್ಲೆಲ್ಲೋ ಮಲಗಿದ್ದವು. ಇದು ಕೈತಪ್ಪಿದರೆ ಅಪ್ಪ ಚರಂಡಿ ದಾರಿಯಲ್ಲೇ ನಿವೃತ್ತರಾಗಬೇಕು ಎಂದು ನಮ್ಮ ಮನೆಯ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳುತ್ತಿರಲಿಲ್ಲ.

ಫೈರಿಂಜಿನ್ ನನಗೆ ಹೊಸದಲ್ಲ. ನಾವು ಚಿಕ್ಕವರಿದ್ದಾಗ ಅದರ ಮುಂದುಗಡೆ ಹಿತ್ತಾಳೆ ಗಂಟೆ ಇರುತ್ತಿತ್ತು. ಡ್ರೈವರ್ ಪಕ್ಕದವನು ಹಗ್ಗ ಜಗ್ಗಿ ಬಾರಿಸುತ್ತಿದ್ದ. ತುಮಕೂರು ರಸ್ತೆಯಲ್ಲಿ ಆ ಸದ್ದು ಕೇಳಿದರೆ ನಾವು ಹುಡುಗರು ಆಟ ಬಿಟ್ಟು ಗೊರಗುಂಟೆಪಾಳ್ಯದವರೆಗೆ ಹಿಂದೆ ಓಡುತ್ತಿದ್ದೆವು. ಬೆಂಕಿಯನ್ನು ಮಾತ್ರ ಒಂದು ಸಲವೂ ಕಾಣಲಿಲ್ಲ. ನಾವು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ಅದು ಎದುರಿಗೆ ವಾಪಸು ಬರುತ್ತಿತ್ತು. ಒಳಗೆ ಕೂತವರು ಹೆಲ್ಮೆಟ್ಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಡಲೆಕಾಯಿ ತಿನ್ನುತ್ತಿದ್ದರು. ಹೆಲ್ಮೆಟ್ಟಿನಲ್ಲೇ ಸಿಪ್ಪೆ ಹಾಕುತ್ತಿದ್ದುದನ್ನೂ ನೋಡಿದ್ದೇನೆ. ಇಷ್ಟು ನೆಮ್ಮದಿಯ ಕೆಲಸ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತ್ತು.

ಕಾರ್ಡನ್ನು ಅಪ್ಪ ಗಟ್ಟಿಯಾಗಿ ಓದಿದರು. "ದೈಹಿಕ ಪರೀಕ್ಷೆ" ಬಂದಾಗ, "ಅಂದ್ರೆ ಎತ್ತರ ಅಳೀತಾರೆ, ಗೋಡೆಗೆ ನಿಲ್ಲಿಸಿ" ಎಂದು ಅಲ್ಲಿಗೆ ಮುಗಿಸಿಬಿಟ್ಟರು. ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಸಂದರ್ಶನಕ್ಕೆ ಹೋದವರೆಲ್ಲ ಗುಮಾಸ್ತಿಕೆಗೆ, ಮೇಷ್ಟ್ರ ಕೆಲಸಕ್ಕೆ ಹೋದವರು. ಸಂದರ್ಶನ ಎಂದರೆ ಒಂದು ಮೇಜು, ಮೇಲೊಂದು ಫ್ಯಾನು, ಆಚೆ ಮೂವರು ಸಭ್ಯರು. ಅಭ್ಯರ್ಥಿಯ ಸೊಂಟದ ಮೇಲಿನ ಭಾಗ ಮಾತ್ರ ಅವರಿಗೆ ಕಾಣುತ್ತದೆ. ಹೀಗಾಗಿ ಪ್ರಶ್ನೆ ಒಂದೇ ಆಯಿತು, ಏನು ಹಾಕಿಕೊಂಡು ಹೋಗುವುದು?

"ಬಿಳಿ ಶರ್ಟು, ತುಂಬುತೋಳು. ಒಳಗೆ ಸೇರಿಸಿರಬೇಕು. ಕಾಲರ್ ಗುಂಡಿ ಹಾಕಿರಬೇಕು" ಎಂದರು ಅಪ್ಪ.

"ಅದು ಆಫೀಸ್ ಕೆಲಸಕ್ಕಲ್ವಾ ಅಪ್ಪ?"

"ಸಂದರ್ಶನ ಅಂದ್ರೆ ಸಂದರ್ಶನ ಕಣೋ. ಬೆಂಕಿದೇ ಇರ್ಲಿ, ನೀರಿಂದೇ ಇರ್ಲಿ."

"ಖಾಕಿ ಪ್ಯಾಂಟ್ ಹಾಕ್ಕೊಂಡ್ರೆ? ಅವರ ಇಲಾಖೆ ಬಣ್ಣ."

ಅಪ್ಪ ಕನ್ನಡಕ ತೆಗೆದರು. "ಕೆಲಸ ಕೊಡೋಕ್ ಮುಂಚೆನೇ ಯೂನಿಫಾರಂ ಹಾಕ್ಕೊಂಡ್ ಬಂದಿದಾನೆ ಅನ್ಕೋತಾರೆ. ಉದ್ಧಟತನ ಅದು."

ಅಮ್ಮ ಅಡುಗೆಮನೆಯಿಂದ, "ಏನಾದ್ರೂ ಹಾಕ್ಕೊಳ್ಳಿ, ಟೆರಿಕಾಟ್ ಮಾತ್ರ ಬೇಡ" ಎಂದಳು. "ಕಿಡಿ ಹಾರಿದ್ರೆ ಕರಗಿ ಮೈಗಂಟ್ಕೊಳತ್ತೆ. ಹತ್ತಿ ಬಟ್ಟೆನೇ ಆಗ್ಬೇಕು."

"ಸಂದರ್ಶನದಲ್ಲಿ ಯಾರೇ ಬೆಂಕಿ ಹಚ್ತಾರೆ?"

"ಹಚ್ಚಲ್ಲ ಅಂತ ನಿಮಗ್ ಹೇಗೆ ಗೊತ್ತು? ಅವರು ಬೆಂಕಿಯೋರು ತಾನೆ."

ಅಪ್ಪ ತೆಗೆದಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ನನಗೂ ಸಣ್ಣಗೆ ಅಳುಕು ಶುರುವಾಯಿತು. ಅಡುಗೆ ಕೆಲಸಕ್ಕೆ ಹೋದವನಿಗೆ ಅಡುಗೆ ಮಾಡಿಸಿ ನೋಡುತ್ತಾರೆ. ಡ್ರೈವರ್ ಕೆಲಸಕ್ಕೆ ಹೋದವನ ಕೈಗೆ ಸ್ಟಿಯರಿಂಗ್ ಕೊಡುತ್ತಾರೆ. ಅಮ್ಮನ ತರ್ಕದಲ್ಲಿ ತೂತು ಹುಡುಕಲು ಹೋಗಿ ಸೋತೆ.

ನನ್ನ ಗೆಳೆಯ ಸೆಲ್ವನಿಗೆ ಪಕ್ಕದ ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಅವನು ತೀರ್ಪು ಕೊಟ್ಟ. "ಮಚ್ಚಾ, ಕೆಂಪು ಟೀ ಶರ್ಟ್ ಹಾಕು. ಇಂಜಿನ್ ಕೆಂಪು, ಬಕೆಟ್ ಕೆಂಪು. ನೋಡಿದ ತಕ್ಷಣ ನಮ್ ಹುಡ್ಗ ಅನ್ನಿಸ್ಬೇಕು."

"ಅಪ್ಪ ಬಿಳಿ ಅಂತಿದಾರೆ."

"ಬಿಳಿ ಆಂಬುಲೆನ್ಸ್‌ನೋರಿಗೆ ಮಗಾ."

ಒಂದೇ ಘಟನೆಯ ಬಗ್ಗೆ ಮೂರು ಮೂಲಗಳಿಂದ ಮೂರು ವರದಿ ಬಂದರೆ ಏನು ಮಾಡಬೇಕೆಂದು ನನಗೆ ಆಮೇಲೆ ಪತ್ರಿಕೆಯಲ್ಲಿ ಹೇಳಿಕೊಟ್ಟರು. ಯಾವುದನ್ನೂ ನಂಬದೆ ಸ್ಥಳಕ್ಕೆ ಹೋಗಬೇಕು. ಆಗ ಗೊತ್ತಿರಲಿಲ್ಲವಾದ್ದರಿಂದ ಮೂರನ್ನೂ ನಂಬಿದೆ. ಬೆಳಿಗ್ಗೆ ಅಪ್ಪ ಸರಿ, ಮಧ್ಯಾಹ್ನ ಅಮ್ಮ ಸರಿ, ಸಂಜೆ ಸೆಲ್ವ ಸರಿ. ಮಲಗುವಾಗ ಯಾರೂ ಸರಿಯಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಶರ್ಟು ಅಪ್ಪನ ಬಿಳುಪು, ಅಮ್ಮನ ಹತ್ತಿ. ಪ್ಯಾಂಟಿಗೆ ಹೊಸ ಬಟ್ಟೆ ತರಬೇಕು. ಸೊಸೈಟಿ ಅಂಗಡಿಯಲ್ಲಿ ಆ ವಾರ ಇದ್ದದ್ದು ಒಂದೇ ಥಾನು, ಬೂದಿ ಬಣ್ಣದ್ದು. ಹತ್ತಿಯೂ ಹೌದು, ಖಾಕಿಯೂ ಅಲ್ಲ ಎಂದು ಅಪ್ಪ ತಂದೇಬಿಟ್ಟರು. ಅಮ್ಮ ಅದನ್ನು ಬೆಳಕಿಗೆ ಹಿಡಿದು, "ಬೆಂಕಿ ಆರಿಸೋ ಕೆಲಸಕ್ಕೆ ಬೂದಿ ಬಣ್ಣನಾ?" ಎಂದಳು. "ಇನ್ನೇನು, ಆರಿಸಿದ ಮೇಲೆ ಉಳಿಯೋದು ಅದೇ ತಾನೆ" ಎಂದರು ಅಪ್ಪ. ಅದು ಶುಭವೋ ಅಶುಭವೋ ನಮ್ಮಲ್ಲಿ ಯಾರಿಗೂ ತೀರ್ಮಾನಿಸಲಾಗಲಿಲ್ಲ.

ಹೊಲಿಗೆ ಅಮೀರ್ ಸಾಬರದು. ಸ್ಟೇಷನ್ ರಸ್ತೆಯಲ್ಲಿ ಅವರ ಚಿಕ್ಕ ಅಂಗಡಿ, ನಾನು ಹುಟ್ಟಿದಾಗಿನಿಂದ ನಮ್ಮ ಮನೆಯ ಎಲ್ಲ ಬಟ್ಟೆ ಅಲ್ಲೇ. ತಾವು ಹೊಲಿದ ಪ್ರತಿ ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಅಂಗಡಿಯ ಹೆಸರಿನ ಚೀಟಿ ಹೊಲಿಯುವುದು ಅವರಿಗೆ ಅಭಿಮಾನದ ವಿಷಯ. ಟೇಪನ್ನು ನನ್ನ ಸೊಂಟಕ್ಕೆ ಸುತ್ತಿ, "ಇದೇ ಅಳತೆ ಇಡ್ಲಾ ಸ್ವಾಮಿ?" ಎಂದು ಅಪ್ಪನನ್ನು ಕೇಳಿದರು. ಪ್ಯಾಂಟು ಯಾರದಾದರೂ ಅಳತೆ ಕೇಳುತ್ತಿದ್ದದ್ದು ಅಪ್ಪನನ್ನೇ.

"ಸ್ವಲ್ಪ ಬಿಟ್ಟು ಹೊಲೀರಿ ಸಾಹೇಬ್ರೆ."

"ಸ್ವಲ್ಪ ಅಂದ್ರೆ? ಹುಡುಗ ಬೆಳ್ಯೋದೆಲ್ಲ ಬೆಳೆದಾಯ್ತಲ್ಲ."

"ಸರ್ಕಾರಿ ಕೆಲಸ ಸಾಹೇಬ್ರೆ. ಸಿಕ್ಕಮೇಲೆ ಊಟ ನಿದ್ದೆ ಎಲ್ಲ ಸರಿಹೋಗತ್ತೆ. ಮೈ ಬರತ್ತೆ."

"ಫೈರಿಂಜಿನ್ನಲ್ಲಿ ನಿದ್ದೆ ಎಲ್ಲಿ ಬಂತು ಸ್ವಾಮಿ?"

"ನೀವು ಬಿಡಿ, ಬಿಟ್ಟು ಹೊಲೀರಿ."

ನಮ್ಮಲ್ಲಿ ಬಟ್ಟೆ ಹೊಲಿಸುತ್ತಿದ್ದ ರೀತಿಯೇ ಹಾಗೆ. ಈಗಿರುವ ಮೈಗೆ ಯಾರೂ ಹೊಲಿಸುತ್ತಿರಲಿಲ್ಲ, ಮುಂದೆ ಬರಲಿರುವ ಮೈಗೆ ಹೊಲಿಸುತ್ತಿದ್ದರು. ದೀಪಾವಳಿಗೆ ಒಂದೇ ಥಾನಿನಲ್ಲಿ ಅಪ್ಪನಿಗೆ ಶರ್ಟು, ನನಗೆ ಚಡ್ಡಿ, ಉಳಿದರೆ ದಿಂಬಿನ ಚೀಲ. ನನ್ನ ಚಡ್ಡಿ ಮೊಣಕಾಲು ದಾಟಿರುತ್ತಿತ್ತು. ಅದು ನನಗೆ ಸರಿಹೋಗುವ ಹೊತ್ತಿಗೆ ಹಿಂದುಗಡೆ ಹರಿದಿರುತ್ತಿತ್ತು. ಒಟ್ಟಿನಲ್ಲಿ ನನ್ನ ಬಾಲ್ಯವನ್ನು ನಾನು ಇನ್ನೂ ಬರಬೇಕಾಗಿದ್ದ ಯಾವನೋ ದಪ್ಪ ಹುಡುಗನ ಬಟ್ಟೆಯಲ್ಲಿ ಕಳೆದೆ. ಅವನು ಬರಲೇ ಇಲ್ಲ. ಈಗ ಪ್ಯಾಂಟು ತಯಾರಾದಾಗ ಅದರಲ್ಲಿ ಕೆಲಸ ಸಿಕ್ಕಿ, ಮೈಬಂದ ಸರ್ಕಾರಿ ನೌಕರನೊಬ್ಬ ಆರಾಮಾಗಿ ನಿಲ್ಲಬಹುದಾಗಿತ್ತು. ನಾನು ಅಪ್ಪನ ಬೆಲ್ಟು ಬಿಗಿದು, ಹಿಂದೆ ನೆರಿಗೆ ಕೂರಿಸಿ ನಿಂತೆ. ಅಮ್ಮ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಶರ್ಟಿಗೆ ಇಸ್ತ್ರಿ ಮಾಡಿದಳು.

ಸಂದರ್ಶನದ ದಿನ ಸೆಲ್ವನ ಸೈಕಲ್ಲಿನಲ್ಲಿ ಹೊರಟೆ. ಪ್ಯಾಂಟಿನ ಕಾಲು ಚೈನಿಗೆ ಸಿಗದಂತೆ ಮಡಚಿ, ಅಮ್ಮ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಳು. ಮತ್ತೀಕೆರೆ ದಾಟಿ ಹೆಬ್ಬಾಳದ ಕಡೆ ತಿರುಗಿದ ಮೇಲೆ ರಸ್ತೆಯಲ್ಲಿ ಬಿಳಿ ಶರ್ಟುಗಳು ಕಾಣತೊಡಗಿದವು. ಸೈಕಲ್ಲಿನಲ್ಲಿ ಬಿಳಿ ಶರ್ಟು, ಬಸ್ಸಿನ ಬಾಗಿಲಲ್ಲಿ ಬಿಳಿ ಶರ್ಟು. ಮೈದಾನಕ್ಕೆ ಹೋಗಿ ನೋಡಿದರೆ ಕೊಕ್ಕರೆಗಳು ಇಳಿದ ಹಾಗಿತ್ತು. ಬೆಂಗಳೂರಿನಲ್ಲಿ ಅಪ್ಪಂದಿರೆಲ್ಲ ಒಂದೇ ಸಭೆಯಲ್ಲಿ ಕೂತು ತೀರ್ಮಾನಿಸಿದ್ದರೇನೋ. ಸೊಸೈಟಿ ಅಂಗಡಿಯ ಬೂದಿ ಬಣ್ಣವೂ ಅಲ್ಲಲ್ಲಿ ಇತ್ತು.

ಸಿಳ್ಳು ಊದಿ ಒಬ್ಬ ಸಿಬ್ಬಂದಿ ಕೂಗಿದ. "ಎಲ್ರೂ ಬಟ್ಟೆ ಬಿಚ್ಚಿ ಆ ಹೊಂಗೆ ಮರದ ಕೆಳಗಿಡಿ. ಚಡ್ಡಿ ಬನೀನಲ್ಲಿ ಲೈನಿಗೆ ಬನ್ನಿ."

ಇಷ್ಟೆಲ್ಲ ಚರ್ಚೆಯಲ್ಲಿ ನಮ್ಮ ಮನೆಯಲ್ಲಿ ಯಾರೂ ಎತ್ತದೇ ಇದ್ದ ಪದರ ಅದು. ನಾನು ಹಾಕಿದ್ದದ್ದು ಅಮ್ಮ ದಿಂಬಿನ ಚೀಲದ ಉಳಿಕೆ ಬಟ್ಟೆಯಲ್ಲಿ ಹೊಲಿದ ಚಡ್ಡಿ. ತುಂಬ ನೀಲಿ ಹೂವು. ಪಕ್ಕದಲ್ಲಿದ್ದವನು ಪಟ್ಟೆಪಟ್ಟೆ ಚಡ್ಡಿಯ ಅಗಲವಾದ ಆಳು. ತಾನು ಬಿಚ್ಚಿಟ್ಟ ಪ್ಯಾಂಟಿನ ಸೊಂಟಕ್ಕೆ ಕಟ್ಟಿದ್ದ ಹುರಿಯನ್ನು ಜೋಪಾನವಾಗಿ ಸುತ್ತಿ ಬನಿಯನ್ನಿನೊಳಗೆ ಇಟ್ಟುಕೊಂಡ. ಆಮೇಲೆ ನನ್ನತ್ತ ನೋಡಿದ.

"ಊವಿನ ಚಡ್ಡಿ ಚೆನ್ನಾಗೈತೆ ಅಣ್ಣ."

ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ನಿಜವಾಗಿ ಮೆಚ್ಚಿಕೊಂಡಿದ್ದ. ಹೆಸರು ಮುನಿರಾಜು, ಸಿಂಗಾಪುರದವನು. ವಿದ್ಯಾರಣ್ಯಪುರದ ಆಚೆ ಆಗಿನ್ನೂ ಅದು ಹೊಲಗಳ ನಡುವಿನ ಹಳ್ಳಿ. "ಪ್ಯಾಂಟು ನಮ್ ಬಾವುಂದು. ಅವರು ಒಸಿ ದಪ್ಪ. ಅದ್ಕೇ ಉರಿ ಕಟ್ಕೊಂಡ್ ಬಂದಿವ್ನಿ" ಎಂದ.

ಎದೆ ಅಳೆದರು, ಓಡಿಸಿದರು, ಮರಳಿನ ಮೂಟೆ ಹೊರಿಸಿದರು, ಹಗ್ಗ ಹತ್ತಿಸಿದರು. ಮುನಿರಾಜು ಮೂಟೆಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಇಟ್ಟುಬಂದ. ನಾನು ಮೂಟೆಯ ಕೆಳಗೆ ಅಲ್ಲಲ್ಲಿ ನಿಂತು ಯೋಚಿಸುತ್ತಾ ಹೋದೆ, ಆದರೂ ತಲುಪಿದೆ. ಅರ್ಧಕ್ಕರ್ಧ ಜನರನ್ನು ಅಲ್ಲೇ ವಾಪಸು ಕಳಿಸಿದರು. ನನ್ನನ್ನು ಉಳಿಸಿಕೊಂಡಿದ್ದು ಕೇಳಿ ನನಗೇ ಆಶ್ಚರ್ಯ. ಇನ್ನು ಸಂದರ್ಶನವೊಂದೇ ಬಾಕಿ. ಅದಕ್ಕೆ ನನ್ನ ಬಟ್ಟೆ ಸಿದ್ಧವಿದೆ ಎಂಬ ಧೈರ್ಯದಲ್ಲಿ ಮರದ ಕಡೆ ತಿರುಗಿದರೆ ಅಲ್ಲಿ ಬಟ್ಟೆ ಇರಲಿಲ್ಲ. ಹಸುಗಳಿದ್ದವು.

ಆಮೇಲೆ ತಿಳಿದ ಪ್ರಕಾರ ನಡೆದದ್ದು ಇಷ್ಟು. ಹೆಬ್ಬಾಳ ಕೆರೆಯ ಕಡೆಯಿಂದ ಮೇಯುತ್ತಾ ಬಂದ ಹಸುಗಳಲ್ಲಿ ಒಂದು ಯಾರದೋ ಶರ್ಟಿನ ತೋಳನ್ನು ಅಗಿಯತೊಡಗಿದೆ. ಅದನ್ನು ಕಂಡ ಕಾವಲುಗಾರ ಪಾಪ ಉಪಕಾರವಾಗಲೆಂದು ಎಲ್ಲ ಬಟ್ಟೆಯನ್ನೂ ಬಾಚಿ ತಬ್ಬಿಕೊಂಡು ಕಟ್ಟಡದ ಜಗಲಿಗೆ ತಂದು ಸುರಿದಿದ್ದಾನೆ. ಈಗ ಚಡ್ಡಿ ಬನಿಯನ್ನಿನ ಪದವೀಧರರು ಆ ಬಿಳಿ ಗುಡ್ಡೆಯಲ್ಲಿ ಕೈಹಾಕಿ ಕೆದಕುತ್ತಿದ್ದರು.

"ಕಾಲರ್ ಹತ್ರ ಇಂಕ್ ಇದ್ರೆ ನಂದು ಕಣ್ರೀ."

"ಎಲ್ಲದ್ರಲ್ಲೂ ಇಂಕ್ ಇದೆ ಗುರು."

"ತೋಳಿಲ್ಲದ್ದು ಯಾರ್ದಪ್ಪಾ? ತಗೊಳ್ಳಿ, ಹಸು ಬಿಟ್ಟಿದ್ದಿಷ್ಟೇ."

ಇದರ ನಡುವೆ ಒಳಗಿನಿಂದ ಹೆಸರು ಕೂಗಲು ಶುರುಮಾಡಿದರು. ಅಕಾರಾದಿ ಕ್ರಮ. "ಮುನಿರಾಜು" ಎಂದಾಗ ಅವನು ಕೈಗೆ ಸಿಕ್ಕ ಬೂದಿ ಬಣ್ಣದ ಪ್ಯಾಂಟು ಏರಿಸಿಕೊಂಡು, ಕುಣಿಯುತ್ತಲೇ ಒಳಗೆ ಓಡಿದ. ಅವನ ಸೊಂಟಕ್ಕೆ ಅದು ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಅದನ್ನು ಗಮನಿಸಿದೆ. ಗಮನಿಸಿದ್ದರಿಂದ ಏನನ್ನು ತಿಳಿಯಬೇಕಿತ್ತೋ ಅದು ಆ ಕ್ಷಣ ಹೊಳೆಯಲಿಲ್ಲ. ನನಗೆ ಕೊನೆಗೆ ಸಿಕ್ಕಿದ ಬೂದಿ ಪ್ಯಾಂಟಿನಲ್ಲಿ ಬೆಲ್ಟು ಇರಲಿಲ್ಲ. ಗುಂಡಿ ಹಾಕಿ ಕೈಬಿಟ್ಟೆ. ಅದು ನೇರ ಕೆಳಗೆ ಹೋಯಿತು. ಅವನ ಬಾವನನ್ನು ನಾನು ಇವತ್ತಿಗೂ ನೋಡಿಲ್ಲ, ಆದರೆ ಅವರ ಗಾತ್ರದ ಬಗ್ಗೆ ಪ್ರಮಾಣ ಮಾಡಿ ಹೇಳಬಲ್ಲೆ. ಹುರಿಯೋ, ಮುನಿರಾಜುವಿನ ಬನಿಯನ್ನಿನೊಳಗೆ.

"ರಂಗನಾಥ."

ಎಡಗೈಯಲ್ಲಿ ಸೊಂಟ ಹಿಡಿದುಕೊಂಡು ಒಳಗೆ ಹೋದೆ.

ಅಪ್ಪ ಹೇಳಿದಂತೆ ಮೇಜು ಇತ್ತು, ಫ್ಯಾನಿತ್ತು, ಆಚೆ ಮೂವರಿದ್ದರು. ಅಷ್ಟರ ಮಟ್ಟಿಗೆ ನನಗೆ ಸಮಾಧಾನವಾಯಿತು. ಕುರ್ಚಿ ಮಾತ್ರ ಇರಲಿಲ್ಲ. ನಡುವೆ ಕೂತಿದ್ದ ಹಿರಿಯ ಅಧಿಕಾರಿ ತೋಳು ಮಡಚಿದ ಮಾಸಲು ಶರ್ಟಿನಲ್ಲಿದ್ದರು. ಅವರ ಒಂದು ಹುಬ್ಬು ಸುಟ್ಟ ಕಲೆಯೊಂದರ ಹತ್ತಿರ ಅರ್ಧಕ್ಕೆ ನಿಂತುಹೋಗಿತ್ತು.

"ಎಡಗೈಗೆ ಏನಾಗಿದೆ?"

"ಕೈಗೆ ಏನಿಲ್ಲ ಸಾರ್. ಪ್ಯಾಂಟು."

"ಪ್ಯಾಂಟಿಗೆ?"

"ನಂದಲ್ಲ ಸಾರ್."

ಎಡಗಡೆ ಕೂತವರು ಏನೋ ಬರೆದುಕೊಂಡರು. ಏನು ಬರೆದರು ಎಂಬುದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಹಿರಿಯರು ಮಾತ್ರ ನಗದೆ ಮುಂದುವರಿದರು.

"ಬೆಂಕಿ ಹತ್ಕೊಂಡಿದ್ದನ್ನ ಯಾವಾಗಾದ್ರೂ ಹತ್ರದಿಂದ ನೋಡಿದೀರಾ?"

ನೋಡಿದ್ದೆ. ಹಿಂದಿನ ಬೇಸಿಗೆಯಲ್ಲಿ ನಮ್ಮ ಮನೆಗೆ ಹತ್ತಿರದ ಗೋಣಿಚೀಲದ ಗೋದಾಮು ಹೊತ್ತಿಕೊಂಡಿತ್ತು. ಹೇಳತೊಡಗಿದೆ. ಗಾಳಿ ರೈಲುಹಳಿ ಕಡೆಯಿಂದ ಬೀಸುತ್ತಿದ್ದುದರಿಂದ ಬೆಂಕಿ ಮೊದಲು ಪಶ್ಚಿಮದ ಬಾಗಿಲಿಗೆ ತಿರುಗಿತು. ಹೊಗೆ ಶುರುವಿನಲ್ಲಿ ಹಳದಿ, ಆಮೇಲೆ ಕಪ್ಪು. ಹಮಾಲರು ಮೊದಲು ಚೀಲ ಎಳೆಯಲು ನೋಡಿ, ಆಗದೆ ನೀರಿಗೆ ಓಡಿದರು. ಛಾವಣಿಯ ಶೀಟುಗಳು ಸಿಡಿಯುವ ಮುಂಚೆ ಹಕ್ಕಿ ಕೂಗಿದಂಥ ಸದ್ದು ಮಾಡುತ್ತವೆ. ಹೇಳುತ್ತಾ ಹೇಳುತ್ತಾ ನನಗೆ ಹುರುಪು ಬಂತು. ಮೂವರೂ ಕೇಳುತ್ತಿದ್ದರು. "ಜ್ವಾಲೆ ಇಷ್ಟೆತ್ತರ ಎದ್ದಿತ್ತು ಸಾರ್" ಎಂದು ಎರಡೂ ಕೈ ಎತ್ತಿದೆ.

ಪ್ಯಾಂಟನ್ನು ತೊಡೆಯ ಹತ್ತಿರ ಹಿಡಿದುಕೊಂಡೆ. ಶರ್ಟು ಮಾನ ಕಾಪಾಡಿತು. ನೀಲಿ ಹೂವು ಎಷ್ಟು ಕಂಡಿತೋ ಗೊತ್ತಿಲ್ಲ.

ಹಿರಿಯರು ನೀರು ಕುಡಿದು ಲೋಟ ಕೆಳಗಿಟ್ಟರು. "ಇಷ್ಟೆಲ್ಲ ಆಗುವಾಗ ನೀವು ಎಲ್ಲಿದ್ರಿ?"

"ಎದುರುಗಡೆ ಕಾಂಪೌಂಡ್ ಗೋಡೆ ಮೇಲೆ ಸಾರ್. ಅಲ್ಲಿಂದ ಎಲ್ಲಾ ಕಾಣ್ತಿತ್ತು."

"ಸರಿ. ಹೋಗ್ಬಹುದು."

ಹೊರಗೆ ಬಂದಾಗ ಮುನಿರಾಜು ಇರಲಿಲ್ಲ. ಸಿಂಗಾಪುರದ ಕಡೆ ಹೋಗುವ ಬಸ್ಸು ಹಿಡಿಯಲು ಆಗಲೇ ಓಡಿದ್ದನಂತೆ. ಬಾವನ ಪ್ಯಾಂಟಿಗೆ ಸೈಕಲ್ ಅಂಗಡಿಯಲ್ಲಿ ಬೇಡಿದ ಟ್ಯೂಬಿನ ತುಂಡು ಬಿಗಿದುಕೊಂಡು ಮನೆಗೆ ಬಂದೆ.

ಆಯ್ಕೆಯಾದವರ ಹೆಸರು ಕೆಲವು ವಾರಗಳ ನಂತರ ಬೋರ್ಡಿಗೆ ಅಂಟಿಸಿದರು. ಹೋಗಿ ಓದಿದೆ. ಮ ಅಕ್ಷರದಲ್ಲಿ ಮುನಿರಾಜು ಇದ್ದ. ರ ಅಕ್ಷರದಲ್ಲಿ ಯಾರೂ ಇರಲಿಲ್ಲ. ಸುದ್ದಿಯನ್ನು ಅಪ್ಪನಿಗೆ ಒಂದೇ ವಾಕ್ಯದಲ್ಲಿ ಹೇಳಿದೆ. ಅವರು ಬಹಳ ಹೊತ್ತು ಕೈಯಲ್ಲಿದ್ದ ಚೀಲವನ್ನು ಕೆಳಗಿಡಲಿಲ್ಲ.

ಆಮೇಲೆ ಮನೆಯಲ್ಲಿ ತನಿಖೆ ನಡೆಯಿತು. ಸೆಲ್ವ ಕೆಂಪು ಶರ್ಟಾಗಿದ್ದರೆ ಗುಡ್ಡೆಯಲ್ಲಿ ಒಂದೇ ನೋಟಕ್ಕೆ ಸಿಗುತ್ತಿತ್ತು ಎಂದ. ಅಮ್ಮ ಹಸುವನ್ನು ಬೈಯಲು ಮನಸ್ಸಿಲ್ಲದೆ ಬೂದಿ ಬಣ್ಣವನ್ನು ಬೈದಳು. ಅಪ್ಪನ ತೀರ್ಪು ಬೇರೆ. "ಆ ಸಾಹೇಬ್ರು ಸೊಂಟ ಅಷ್ಟು ಸಡಿಲ ಇಟ್ಟಿದ್ದೇ ತಪ್ಪು. ಸರಿಯಾಗಿ ಹೊಲಿದಿದ್ರೆ ಆ ದಪ್ಪ ಹುಡುಗನಿಗೆ ಅದು ಏರ್ತಾನೇ ಇರ್ಲಿಲ್ಲ. ಇವನದು ಇವನಿಗೆ ಸಿಗ್ತಿತ್ತು." ಬಿಟ್ಟು ಹೊಲಿಯಲು ಹೇಳಿದ್ದು ಯಾರು ಎಂದು ಅಮ್ಮ ನೆನಪಿಸಿದಳು. ಅಪ್ಪ, "ಸ್ವಲ್ಪ ಅಂತ ಹೇಳಿದ್ದೆ" ಎಂದರು. ಅಂದಿನಿಂದ ಅಮೀರ್ ಸಾಬರ ಅಂಗಡಿ ಮುಂದೆ ಹೋಗುವಾಗ ರಸ್ತೆಯ ಆ ಬದಿಗೆ ದಾಟತೊಡ‌ಗಿದರು. ಚರಂಡಿ ದಾರಿ ಹೇಗೂ ಇತ್ತು. ಈಗ ಊರಲ್ಲಿ ಅವರಿಗೆ ನಡೆಯಲು ಉಳಿದ ಜಾಗ ಇನ್ನೂ ಕಡಿಮೆಯಾಯಿತು. ನಾನು ಅಪ್ಪನ ವಾದವನ್ನು ನಂಬಿದೆನೋ ಇಲ್ಲವೋ ನೆನಪಿಲ್ಲ. ಬೇರೆ ವಾದ ನನ್ನ ಹತ್ತಿರ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಮುನಿರಾಜು ನಿಂತಿದ್ದ. ಜೊತೆಗೆ ಅಮೀರ್ ಸಾಬರು. ಪ್ಯಾಂಟಿನ ಒಳಗಿನ ಚೀಟಿ ಓದಿಕೊಂಡು ಇವನು ಅಂಗಡಿ ಹುಡುಕಿ ಹೋಗಿದ್ದಾನೆ. ಅವರು ಹೊಲಿಗೆ ನೋಡಿದ ಕೂಡಲೇ ಗುರುತು ಹಿಡಿದು ಮನೆಗೆ ಕರೆತಂದಿದ್ದಾರೆ. ಪ್ಯಾಂಟು ಒಗೆದು, ಬೆಲ್ಟು ಸುತ್ತಿ, ಬಟ್ಟೆಯಲ್ಲಿ ಕಟ್ಟಿದ್ದ.

"ತಡ ಆಯ್ತು ಅಣ್ಣ. ನಡುವೆ ಒಂದ್ ಮದ್ವೆ ಇತ್ತು, ಅದ್ಕೂ ಆಕ್ಕಂಡ್ಬುಟ್ಟೆ. ತಪ್ ತಿಳ್ಕಬ್ಯಾಡಿ. ಬಾವುಂದು ಕೊಟ್ಬುಡಿ, ದಿನಾ ಬಯ್ತಾವ್ರೆ."

ಅಪ್ಪ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಒಳಗೆ ತಿರುಗಿ, "ಒಂದು ಕಾಫಿ" ಎಂದರು. ಅಮೀರ್ ಸಾಬರು ಹೊಸಿಲ ಹತ್ತಿರವೇ ನಿಂತಿದ್ದರು. ಅಪ್ಪ ಅವರ ಕಡೆ ನೋಡಲಿಲ್ಲ.

"ಕೆಲಸ ಸಿಕ್ತಲ್ಲಪ್ಪ, ಸಂತೋಷ. ಸಂದರ್ಶನದಲ್ಲಿ ಬಟ್ಟೆ ಬಗ್ಗೆ ಏನಾದ್ರೂ ಕೇಳಿದ್ರಾ?"

"ಇಲ್ಲ ಸೋಮಿ. ಬೆಂಕಿ ಕಂಡಿದೀಯಾ ಅಂದ್ರು. ಕಂಡಿವ್ನಿ ಅಂದೆ. ನಮ್ ದೊಡ್ಡಪ್ಪುನ್ ಕೊಟ್ಗೆ ಅತ್ಕಂಡಿತ್ತು. ಒಳ್ಗೆ ಎಮ್ಮೆ ಕಟ್ಟಿದ್ರು."

"ಆಮೇಲೆ?"

"ಎಂಗ್ ಉರೀತಿತ್ತು ಯೋಳು ಅಂದ್ರು. ನಂಗೇನ್ ಗೊತ್ತು ಸಾ, ನಾನ್ ಒಳ್ಗಿದ್ದೆ ಅಂದೆ. ಓಗು ಅಂದ್ರು. ಓಯ್ತು ಕೆಲ್ಸ ಅಂದ್ಕಂಡು ಆಚೆ ಬಂದ್ಬುಟ್ಟೆ. ಆ ಬ್ಯಾಸರದಾಗೆ ಯಾರ್ ಪ್ಯಾಂಟು ಅಂತಾನೂ ನೋಡ್ಲಿಲ್ಲ."

ನಾನು ಗೋಡೆಗೆ ಒರಗಿದ್ದವನು ಮುಂದೆ ಬಂದೆ. "ಎಮ್ಮೆ ಬದುಕ್ತಾ?"

"ಬದುಕ್ತು ಅಣ್ಣ."

"ಎಷ್ಟಿದ್ವು?"

"ಎಲ್ಡೋ ಮೂರೋ."

"ಗಾಳಿ ಯಾವ ಕಡೆಯಿಂದ ಬೀಸ್ತಿತ್ತು? ಬೆಂಕಿ ಮಾಡಿಂದ ಶುರುವಾಯ್ತಾ, ಹುಲ್ಲಿಂದಾನಾ? ಬಾಗಿಲು ಹತ್ಕೊಂಡಿತ್ತಾ ಆಗ್ಲೇ?"

ಮುನಿರಾಜು ಗಾಬರಿಯಾಗಿ ನನ್ನನ್ನೂ ಅಪ್ಪನನ್ನೂ ನೋಡಿದ. "ಗ್ಯಾನ ಇಲ್ಲ ಅಣ್ಣ."

"ಕಾಫಿ ಕುಡಿಯೋಕ್ ಬಿಡೋ ಅವನ್ನ" ಎಂದು ಅಮ್ಮ ಲೋಟ ತಂದಿಟ್ಟಳು.

ಅಪ್ಪ ನನ್ನ ಕಡೆ ತಿರುಗಿದರು. "ನಿನ್ನನ್ನೂ ಇದೇ ಕೇಳಿದ್ರಾ?"

"ಹೂಂ. ಗೋಣಿಚೀಲದ ಗೋದಾಮಿಂದು ಹೇಳ್ದೆ. ಎಲ್ಲಾ ವಿವರವಾಗಿ ಹೇಳ್ದೆ."

"ಎಲ್ಲಿದ್ದೆ ನೀನು ಆಗ?"

"ಕಾಂಪೌಂಡ್ ಗೋಡೆ ಮೇಲೆ."

"ಕೊನೇತನಕ?"

"ಬೆಂಕಿ ಆರೋತನಕ."

ಅಪ್ಪ ಒಮ್ಮೆ ಮುನಿರಾಜುವನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಹೊಸಿಲ ಕಡೆಗೆ ಸರಿಸಿದರು.

"ನೀವ್ಯಾಕೆ ನಿಂತೇ ಇದೀರಿ ಸಾಹೇಬ್ರೆ, ಕೂತ್ಕೊಳ್ಳಿ" ಎಂದರು. "ಕಾಫಿ ಬರತ್ತೆ."